ಕಣ್ಣಲ್ಲಿ ನೀರಿದ್ರೂ ಉರಿ ಯಾಕೆ?

ಹೋದ ಬೇಸಿಗೆಯಲ್ಲಿ ಅರಸೀಕೆರೆಯಿಂದ ಹಳೇಬೀಡಿಗೆ, ಅಲ್ಲಿಂದ ಬೇಲೂರಿಗೆ ಬೈಕಲ್ಲಿ ಹೋಗಿದ್ದೆ. ಸೆಕೆ ಅಂತ ಹೆಲ್ಮೆಟ್ ಗ್ಲಾಸ್ ಎತ್ತಿಟ್ಟಿದ್ದೆ. ದಾರಿಯುದ್ದಕ್ಕೂ ಗಾಳಿ, ಧೂಳು. ಬೇಲೂರಿನ ಗುಡಿ ಎದುರು ನಿಂತ್ರೆ ಶಿಲಾಬಾಲಿಕೆಯರೆಲ್ಲ ಮಂಜು ಮಂಜು. ಕಣ್ಣಲ್ಲಿ ನೀರು ಸುರೀತಿದೆ, ಆದ್ರೂ ಉರಿ.

ಕೆಸುವಿನ ಎಲೆ ಮೇಲೆ ನೀರು ಹಾಕಿ ನೋಡಿ. ಹರಡಲ್ಲ, ಮಣಿಯಾಗಿ ಉರುಳಿಹೋಗುತ್ತೆ. ನಮ್ಮ ಕಾರ್ನಿಯಾದ ಜೀವಕೋಶಗಳ ಪೊರೆಯೂ ಜಿಡ್ಡಿನದೇ. ಅದರ ಮೇಲೆ ಕಣ್ಣೀರು ಹರಡಿ ನಿಲ್ಲೋದು ಮ್ಯೂಸಿನ್ ಅನ್ನೋ ಪ್ರೋಟೀನ್‌ಗಳಿಂದ. ಮುಖ್ಯವಾಗಿ ಮೂರು: ಮಕ್ 1, ಮಕ್ 4, ಮಕ್ 16. ಬಸ್ ನಂಬರ್ ಥರ ಇದೆ, ಇರಲಿ. ಇವು ಪೊರೆಯಲ್ಲಿ ಬುಡ ಊರಿ, ಮೈತುಂಬ ಸಕ್ಕರೆಯ ಸರಪಳಿ ಹೊತ್ತು ಹೊರಗೆ ಚಾಚಿಕೊಂಡಿರುತ್ತವೆ. ಆ ಸಕ್ಕರೆ ನೀರನ್ನ ಹಿಡಿದಿಡುತ್ತೆ. ರೆಪ್ಪೆ ನುಣ್ಣಗೆ ಜಾರೋದಕ್ಕೆ, ಬ್ಯಾಕ್ಟೀರಿಯಾ ಸುಲಭಕ್ಕೆ ಅಂಟದೇ ಇರೋದಕ್ಕೆ ಇವೇ ಕಾರಣ.

ನಾನೇನು ಮಾಡಿದೆ? ಚೆನ್ನಾಗಿ ಉಜ್ಜಿದೆ. ಆಮೇಲೆ ಗೆಳೆಯನ ಮನೇಲಿದ್ದ ಹಳೇ ಡ್ರಾಪ್ಸ್ ಮೂರು ದಿನ ಹಾಕ್ಕೊಂಡೆ. ಹಾಸನದಲ್ಲಿ ಡಾಕ್ಟರ್ ಬಾಟಲಿ ನೋಡಿ ಬೈದ್ರು. ಅದು ಸ್ಟೀರಾಯ್ಡ್. ಕೆಂಪು ಇಳಿಸುತ್ತೆ ನಿಜ, ಆದ್ರೆ ಕೇಳದೆ ಹಾಕ್ತಾ ಹೋದ್ರೆ ಕಣ್ಣೊಳಗಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಸೋಂಕಿದ್ರೆ ಇನ್ನೂ ಕೆಡಬಹುದು. ಆಮೇಲೆ ಒಂದು ಹಸಿರು ಬಣ್ಣ ಹಾಕಿ ನೋಡಿದ್ರು. ಮ್ಯೂಸಿನ್ ಹೊದಿಕೆ ಹಾಳಾದ ಕಡೆ ಆ ಬಣ್ಣ ಹಿಡಿಯುತ್ತೆ. ನನ್ನ ಎರಡೂ ಕಣ್ಣಲ್ಲಿ ಹಿಡಿದಿತ್ತು.

ಪುಣ್ಯಕ್ಕೆ ಕಾರ್ನಿಯಾದ ಮೇಲ್ಪದರ ಸುಮಾರು ವಾರದಲ್ಲಿ ಹೊಸದಾಗುತ್ತೆ. ಈಗ ಧೂಳು ಬಿದ್ರೆ ಉಜ್ಜಲ್ಲ, ಶುದ್ಧ ನೀರಲ್ಲಿ ತೊಳೀತೀನಿ. ಹೆಲ್ಮೆಟ್ ಗ್ಲಾಸೂ ಕೆಳಗೇ ಇರುತ್ತೆ, ಎಷ್ಟೇ ಸೆಕೆ ಇರಲಿ.