ಇಂಗ್ಲಿಷ್ ಕಲಿಸಲು ಬಂದವರು ಮತ್ತು ಕಲಿಯಲು ಹೊರಟ ನಾವು

(ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲೂಕುಗಳ ಹೆತ್ತವರು ಹಾಗೂ ಶಿಕ್ಷಕರಿಗಾಗಿ ಶಿರಾದಲ್ಲಿ ನಡೆದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಭೆ ಆರಂಭವಾಗುವ ಮುನ್ನ ಪಾವಗಡದಿಂದ ಬಂದ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಮೌಲಾನಾ, ಒಂದು ಶಾಲೆಯವರು ಇಂಗ್ಲಿಷ್ ಕಲಿಸಲು ಪರದೇಶದವರನ್ನು ಕರೆಸುತ್ತೇವೆ ಎನ್ನುತ್ತಿದ್ದಾರೆ. ಫೀಸು ದುಪ್ಪಟ್ಟು. ಮೊಮ್ಮಗನನ್ನು ಸೇರಿಸಲೇ?" ನಾನು ಬಾಯಿ ತೆರೆಯುವ ಮೊದಲೇ ಅವರ ಜೊತೆಗಿದ್ದ ಯುವಕ ಉತ್ತರಿಸಿದ: "ಬೇಡ ಚಾಚಾ, ಅವರು ಬರುವುದು ಪಾಠಕ್ಕಲ್ಲ, ಮಕ್ಕಳ ಈಮಾನ್ ಕೆಡಿಸಲು."

ಈ ಎರಡು ಮಾತುಗಳು ಪರಸ್ಪರ ವಿರುದ್ಧವೆಂದು ತೋರುತ್ತವೆ. ಆದರೆ ಇವೆರಡರಲ್ಲಿರುವ ದೋಷ ಒಂದೇ. ಒಬ್ಬರು ಶಿಕ್ಷಕನ ಮೈಬಣ್ಣವನ್ನು ನೋಡಿ ಅವನಿಗೆ ಅರ್ಹತೆಯಿದೆ ಎಂದು ನಂಬುತ್ತಾರೆ. ಇನ್ನೊಬ್ಬರು ಅದೇ ಬಣ್ಣವನ್ನು ನೋಡಿ ಅವನ ಉದ್ದೇಶ ಕೆಟ್ಟದ್ದೆಂದು ತೀರ್ಮಾನಿಸುತ್ತಾರೆ. ಅವನು ಏನು ಕಲಿತಿದ್ದಾನೆ, ಯಾಕೆ ಬಂದಿದ್ದಾನೆ ಎಂದು ವಿಚಾರಿಸುವ ಶ್ರಮವನ್ನು ಇಬ್ಬರೂ ತೆಗೆದುಕೊಳ್ಳುವುದಿಲ್ಲ. ಅರ್ಹತೆ ಮತ್ತು ಉದ್ದೇಶದ ಈ ಎರಡು ಪ್ರಶ್ನೆಗಳನ್ನು ಪರದೇಶಿಗೂ ಕೇಳಬೇಕು, ನಮ್ಮವರಿಗೂ ಕೇಳಬೇಕು. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ.

ನಾವೀಗ ಕುಳಿತಿರುವ ಈ ಶಿರಾ, 1687ರ ನಂತರ ಮೊಗಲರ ಸುಬಾದ ಕೇಂದ್ರವಾಗಿತ್ತು. ಇಲ್ಲಿನ ಕಚೇರಿಯ ಭಾಷೆ ಫಾರ್ಸಿ. ಅದು ಈ ನೆಲದ ಭಾಷೆಯಾಗಿರಲಿಲ್ಲ. ಈ ಊರಿನ ಸಾಮಾನ್ಯ ಮುಸ್ಲಿಮನ ಮನೆಮಾತೂ ಆಗಿರಲಿಲ್ಲ. ಆದರೂ ಜನ ಕಲಿತರು. ನಾವು ದಿನವೂ ಆಡುವ ತಾಲೂಕು, ಜಮೀನು, ಅರ್ಜಿ, ದಾಖಲೆ ಎಂಬ ಪದಗಳು ಆ ಕಾಲದ ಆಡಳಿತವು ಕನ್ನಡಕ್ಕೆ ಬಿಟ್ಟುಹೋದ ಸೊತ್ತು. ಆಡಳಿತದ ಭಾಷೆ ಕಲಿತವನು ಕಚೇರಿಯೊಳಗೆ ಕುಳಿತ; ಕಲಿಯದವನು ಅರ್ಜಿ ಹಿಡಿದು ಹೊರಗೆ ನಿಂತ. ಇಂದು ಆ ಸ್ಥಾನದಲ್ಲಿ ಇಂಗ್ಲಿಷ್ ಇದೆ. ನಮ್ಮ ಮಕ್ಕಳು ಒಳಗೆ ಕುಳಿತುಕೊಳ್ಳಬೇಕೋ ಹೊರಗೆ ನಿಲ್ಲಬೇಕೋ ಎಂಬುದೇ ಇಲ್ಲಿರುವ ಪ್ರಶ್ನೆ.

ಇಂಗ್ಲಿಷ್ ಕಲಿಸಲು ಬಂದ ಪರದೇಶಿಯರು ನಮಗೆ ಹೊಸಬರಲ್ಲ. ನಮ್ಮದೇ ಜಿಲ್ಲೆಯ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನರಿಗಳು 1830ರ ದಶಕದಲ್ಲೇ ನೆಲೆಯೂರಿದ್ದರು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಇಂಗ್ಲಿಷ್ ಶಾಲೆಯೊಂದನ್ನು ತೆರೆದರು. ಮುಂದೆ ಮಹಾರಾಜ ಕಾಲೇಜಾಗಿ ಬೆಳೆದ ಆ ಶಾಲೆಯ ನಿರ್ವಹಣೆಯೂ ಕೆಲವು ವರ್ಷಗಳಲ್ಲಿ ವೆಸ್ಲಿಯನ್ನರ ಕೈಗೆ ಹೋಯಿತು. ಇವರ ಉದ್ದೇಶವೇನಿತ್ತು? ಅವರು ಅದನ್ನು ಮುಚ್ಚಿಡಲಿಲ್ಲ. ತಮ್ಮ ಧರ್ಮದ ಪ್ರಚಾರಕ್ಕಾಗಿಯೇ ಅವರು ಸಮುದ್ರ ದಾಟಿ ಬಂದಿದ್ದರು. ಸರಕಾರದ ಉದ್ದೇಶವೂ ಗುಟ್ಟಾಗಿರಲಿಲ್ಲ. ಆಳುವವರ ಮತ್ತು ಆಳಿಸಿಕೊಳ್ಳುವವರ ನಡುವೆ ದುಭಾಷಿಗಳಂತೆ ಕೆಲಸ ಮಾಡುವ ಒಂದು ವರ್ಗವನ್ನು ಸೃಷ್ಟಿಸಬೇಕೆಂದು ಮೆಕಾಲೆ 1835ರಲ್ಲಿ ಬರೆದಿಟ್ಟನು. ತನಗೆ ಸಂಸ್ಕೃತವಾಗಲಿ ಅರಬಿಯಾಗಲಿ ತಿಳಿಯದೆಂದು ಒಪ್ಪಿಕೊಂಡೇ ಆ ಎರಡೂ ಭಾಷೆಗಳ ಜ್ಞಾನಕ್ಕೆ ಬೆಲೆ ಕಟ್ಟಿದವನು ಅವನು!

ಆದರೆ ಉದ್ದೇಶ ಒಂದಾದರೂ ಪರಿಣಾಮ ಇನ್ನೊಂದಾಗಬಹುದು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು 1843ರಲ್ಲಿ ಹೊರಡಿಸಿದವರು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್. 1894ರಲ್ಲಿ ಪ್ರಕಟವಾದ ಮಹಾನಿಘಂಟಿನ ಕರ್ತೃ ಕಿಟ್ಟೆಲ್ ಕೂಡಾ ಅದೇ ಮಿಷನ್ನಿನೊಂದಿಗೆ ಬಂದವರು. ಕನ್ನಡ ಪತ್ರಿಕೆಯಲ್ಲಿ ಅನ್ನ ದುಡಿಯುವ ನಾನು ಈ ಋಣವನ್ನು ಹೇಗೆ ನಿರಾಕರಿಸಲಿ? ಅವರ ಧರ್ಮವನ್ನು ನಾನು ಸ್ವೀಕರಿಸಲಿಲ್ಲ. ಅವರ ನಿಘಂಟನ್ನು ಸ್ವೀಕರಿಸಿದ್ದೇನೆ.

ಅಲಿಗಢದ ಇತಿಹಾಸವೂ ಇದನ್ನೇ ಹೇಳುತ್ತದೆ. ಸರ್ ಸಯ್ಯದ್ ಅಹ್ಮದ್ ಖಾನ್ 1875ರಲ್ಲಿ ಆರಂಭಿಸಿದ ಸಂಸ್ಥೆಗೆ 1883ರಲ್ಲಿ ಥಿಯೋಡರ್ ಬೆಕ್ ಪ್ರಿನ್ಸಿಪಾಲರಾಗಿ ಬಂದಾಗ ಅವರಿಗೆ ಇಪ್ಪತ್ತನಾಲ್ಕು ವರ್ಷ. ಪಾಠದ ಜೊತೆಗೆ ರಾಜಕೀಯವನ್ನೂ ಮಾಡಿದ ಅವರು ಮುಸ್ಲಿಮರನ್ನು ಕಾಂಗ್ರೆಸ್ಸಿನಿಂದ ದೂರವಿರಿಸಲು ಶ್ರಮಿಸಿದರು. ಅದೇ ಕಾಲೇಜಿಗೆ 1888ರಲ್ಲಿ ಬಂದ ಥಾಮಸ್ ಅರ್ನಾಲ್ಡ್ ಇನ್ನೊಂದು ಬಗೆಯವರು. ಅವರು ಮೌಲಾನಾ ಶಿಬ್ಲಿ ನೂಮಾನಿಯವರಿಂದ ಅರಬಿ ಕಲಿತರು. ಶಿಬ್ಲಿಯವರಿಗೆ ಫ್ರೆಂಚ್ ಕಲಿಸಿದರು. ಇಸ್ಲಾಮ್ ಹರಡಿದ್ದು ಮುಖ್ಯವಾಗಿ ಪ್ರಚಾರದಿಂದಲೇ ಹೊರತು ಖಡ್ಗದಿಂದಲ್ಲ ಎಂದು ವಾದಿಸುವ ಗ್ರಂಥವನ್ನು 1896ರಲ್ಲಿ ಪ್ರಕಟಿಸಿದರು. ಇಬ್ಬರೂ ಆಂಗ್ಲರು, ಇಬ್ಬರೂ ಒಂದೇ ಕಾಲೇಜಿನವರು. ಮುಖ ನೋಡಿ ಇವರನ್ನು ಬೇರ್ಪಡಿಸಲು ಯಾರಿಗೆ ಸಾಧ್ಯವಿತ್ತು?

ಈಗ ಬದ್ರ್‌ನ ಕಡೆಗೆ ಬರೋಣ. ಹಿಜರಿ ಎರಡನೆಯ ವರ್ಷ ನಡೆದ ಆ ಯುದ್ಧದಲ್ಲಿ ಸುಮಾರು ಎಪ್ಪತ್ತು ಮಂದಿ ಕುರೈಶರು ಸೆರೆ ಸಿಕ್ಕರು. ಪರಿಹಾರಧನ ಕೊಡಲು ಶಕ್ತಿಯಿಲ್ಲದ, ಆದರೆ ಬರವಣಿಗೆ ಬಲ್ಲ ಕೈದಿಗಳಿಗೆ ಪ್ರವಾದಿ(ಸ)ರು ಅನ್ಸಾರರ ಮಕ್ಕಳಿಗೆ ಬರೆಯಲು ಕಲಿಸುವುದನ್ನೇ ಬಿಡುಗಡೆಯ ಮೌಲ್ಯವಾಗಿ ನಿಗದಿಪಡಿಸಿದರು. ಈ ಶಿಕ್ಷಕರು ಮುಸ್ಲಿಮರಾಗಿರಲಿಲ್ಲ. ನಿನ್ನೆಯವರೆಗೆ ಖಡ್ಗ ಹಿಡಿದು ಎದುರಿಗೆ ನಿಂತಿದ್ದವರು. ಅವರ ಉದ್ದೇಶ ಜ್ಞಾನಪ್ರಸಾರವೂ ಅಲ್ಲ, ಕೇವಲ ಬಿಡುಗಡೆ. ಆದರೂ ಪ್ರವಾದಿ(ಸ)ರು ತಮ್ಮ ಮದೀನದ ಮಕ್ಕಳನ್ನು ಅವರ ಮುಂದೆ ಕೂರಿಸಿದರು. ಪರದೇಶಿಯಿಂದ, ಪರಧರ್ಮೀಯನಿಂದ ಅಕ್ಷರ ಕಲಿಯಬಾರದು ಎನ್ನುವವರು ಮೊದಲು ಈ ಘಟನೆಗೆ ಉತ್ತರಿಸಲಿ.

ಆದರೆ ಇಮಾಮ್ ಅಹ್ಮದ್‌ರ ಮುಸ್ನದ್‌ನಲ್ಲಿರುವ ಈ ವರದಿಯ ಕೊನೆಯ ಭಾಗವನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ಒಂದು ದಿನ ಹುಡುಗನೊಬ್ಬ ಅಳುತ್ತಾ ತಂದೆಯ ಬಳಿಗೆ ಬಂದ. ಶಿಕ್ಷಕ ಹೊಡೆದನೆಂದು ಹೇಳಿದ. ಈತ ಬದ್ರ್‌ನ ಸೇಡನ್ನು ನನ್ನ ಮಗನ ಮೇಲೆ ತೀರಿಸಿಕೊಳ್ಳುತ್ತಿದ್ದಾನೆ ಎಂದು ಸಿಟ್ಟಾದ ತಂದೆ, ಇನ್ನೆಂದೂ ಅವನ ಬಳಿಗೆ ಕಳುಹಿಸುವುದಿಲ್ಲವೆಂದು ಆಣೆ ಹಾಕಿದರು. ಇಡೀ ವಿಷಯವೇ ಇದರಲ್ಲಿದೆ. ಶಿಕ್ಷಕನ ಹಿನ್ನೆಲೆಯ ಕಾರಣಕ್ಕೆ ಆ ತಂದೆ ಮಗನನ್ನು ಮನೆಯಲ್ಲಿ ಕೂರಿಸಲಿಲ್ಲ. ಆದರೆ ಕಳುಹಿಸಿ ಕಣ್ಣು ಮುಚ್ಚಿಯೂ ಕುಳಿತಿರಲಿಲ್ಲ. ಶಿಕ್ಷಕನ ದ್ವೇಷ ಮಗುವಿನ ಮೈಮೇಲೆ ಬಿದ್ದಿದೆ ಎಂದು ಅನಿಸಿದ ಕ್ಷಣ ಅವರು ಎದ್ದು ನಿಂತರು.

ಮಾನ್ಯರೇ, ಇಂದಿನ ಪರದೇಶಿ ಶಿಕ್ಷಕನ ಅರ್ಹತೆಯನ್ನು ನೋಡೋಣ. ನಮ್ಮಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರಾಗಲು ಎರಡು ವರ್ಷದ ಡಿಪ್ಲೊಮಾ ಓದಬೇಕು, ಅದರ ಮೇಲೆ ಟಿಇಟಿ ಪರೀಕ್ಷೆ ಪಾಸಾಗಬೇಕು. ಇಂಗ್ಲಿಷ್ ಬೋಧನೆಗೆ ಜಗತ್ತಿನಾದ್ಯಂತ ಹೆಸರಾದ ಕೇಂಬ್ರಿಜ್‌ನ 'ಸೆಲ್ಟಾ' ಪ್ರಮಾಣಪತ್ರದ ಪೂರ್ಣಾವಧಿ ತರಬೇತಿ ಕೇವಲ ನಾಲ್ಕರಿಂದ ಐದು ವಾರಗಳದ್ದು. ಅದರಲ್ಲಿ ತರಗತಿಯ ಮುಂದೆ ನಿಂತು ಪಾಠ ಮಾಡುವ ಅವಧಿ ಆರು ಗಂಟೆ. ಅಷ್ಟೂ ಇಲ್ಲದೆ, ಪಾಸ್‌ಪೋರ್ಟನ್ನೇ ಪ್ರಮಾಣಪತ್ರ ಮಾಡಿಕೊಂಡವರು ಎಷ್ಟೋ ಮಂದಿ. ದಕ್ಷಿಣ ಕೊರಿಯದಲ್ಲಿ ಇಂಗ್ಲಿಷ್ ಬೋಧಕನ ವೀಸಾ ಸಿಗಲು ಸಾಮಾನ್ಯವಾಗಿ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕ ಎಂಬ ಏಳು ದೇಶಗಳಲ್ಲೊಂದರ ನಾಗರಿಕನಾಗಿರಬೇಕು. ಪದವಿ ಯಾವ ವಿಷಯದಲ್ಲಿದ್ದರೂ ನಡೆಯುತ್ತದೆ!

1961ರಲ್ಲಿ ಉಗಾಂಡದ ಮಕೆರೆರೆಯಲ್ಲಿ ನಡೆದ ಸಮ್ಮೇಳನವು, ಇಂಗ್ಲಿಷ್ ಮನೆಮಾತಾಗಿರುವವನೇ ಆದರ್ಶ ಶಿಕ್ಷಕ ಎಂಬ ಅಭಿಪ್ರಾಯಕ್ಕೆ ಮುದ್ರೆಯೊತ್ತಿತು. 1992ರಲ್ಲಿ ರಾಬರ್ಟ್ ಫಿಲಿಪ್ಸನ್ ಎಂಬ ಆಂಗ್ಲ ವಿದ್ವಾಂಸರೇ ಇದೊಂದು ಭ್ರಮೆಯೆಂದು ವಾದಿಸಿದರು. ಮದ್ರಸದಲ್ಲಿ ಓದಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅರಬಿ ವ್ಯಾಕರಣದ ಮಹಾಗ್ರಂಥವನ್ನು ರಚಿಸಿದ ಸೀಬವೈಹಿ ಅರಬರಲ್ಲ, ಇರಾನಿನವರು. ಭಾಷೆಯನ್ನು ಹೊರಗಿನಿಂದ ಬಂದು, ಎಡವಿ, ತಿದ್ದಿಕೊಂಡು ಕಲಿತವನಿಗೆ ಅದರ ಹೊಸ್ತಿಲು ಎಲ್ಲಿದೆ ಎಂಬುದು ಚೆನ್ನಾಗಿ ಗೊತ್ತಿರುತ್ತದೆ.

ಇದು ನನ್ನ ಅನುಭವ ಕೂಡಾ. ಮದ್ರಸದ ಓದು ಮುಗಿಸಿ ಬಿ.ಎ. ಪದವಿಗೆ ಸಿದ್ಧನಾಗುತ್ತಿದ್ದಾಗ ಬೆಂಗಳೂರಿನ ಒಂದು ತರಬೇತಿ ಕೇಂದ್ರಕ್ಕೆ ಹಣ ಕಟ್ಟಿದೆ. ಪಾಠ ಮಾಡುತ್ತಿದ್ದವರು ಒಬ್ಬ ಪರದೇಶಿ ಯುವಕ. ಒಳ್ಳೆಯ ಮನುಷ್ಯ, ನಗುಮುಖದವರು. ಆದರೆ ನಾನು ಬರೆದ ವಾಕ್ಯವೇಕೆ ತಪ್ಪು ಎಂದು ಕೇಳಿದರೆ, ನಾವು ಹಾಗೆ ಹೇಳುವುದಿಲ್ಲ ಎಂಬುದಷ್ಟೇ ಅವರ ಉತ್ತರ. ಎರಡು ತಿಂಗಳಲ್ಲಿ ಅವರು ಮುಂದಿನ ಊರಿಗೆ ಹೊರಟುಹೋದರು. ನಂತರ ನನಗೆ ಇಂಗ್ಲಿಷ್ ಕಲಿಸಿದವರು ಸರಕಾರಿ ಶಾಲೆಯ ನಿವೃತ್ತ ಮೇಷ್ಟ್ರು. ನಾನು ಅರಬಿ ಓದಿದವನೆಂದು ತಿಳಿದಾಗ ಅವರು, "ನಿಮ್ಮ ಅರಬಿಯಲ್ಲಿ ಇದಕ್ಕೆ ಏನನ್ನುತ್ತೀರಿ?" ಎಂದು ಮೊದಲು ಕೇಳಿ, ಅಲ್ಲಿಂದ ಇಂಗ್ಲಿಷ್ ವಾಕ್ಯಕ್ಕೆ ದಾರಿ ತೋರಿಸುತ್ತಿದ್ದರು. ಅವರ ಉಚ್ಚಾರ ಲಂಡನ್ನಿನದ್ದಾಗಿರಲಿಲ್ಲ. ಆದರೆ ಇಂದು ನಾನು ಇಂಗ್ಲಿಷ್ ಪತ್ರಿಕೆ ಓದಿ ಕನ್ನಡದಲ್ಲಿ ಬರೆಯುತ್ತಿದ್ದರೆ ಅದು ಅವರ ಕೃಪೆ.

ಪಾವಗಡದ ನಮ್ಮ ಒಂದು ಮಗುವನ್ನು ನೆನೆಯಿರಿ. ಮನೆಯಲ್ಲಿ ಉರ್ದು, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಮಕ್ತಬ್‌ನಲ್ಲಿ ಅರಬಿ ಅಕ್ಷರ. ಇಂಗ್ಲಿಷ್ ಅದಕ್ಕೆ ಐದನೆಯದು. ಇಷ್ಟು ಭಾಷೆಗಳ ನಡುವೆ ಬೆಳೆಯುವ ಮಗುವಿಗೆ ಒಂದೇ ಭಾಷೆ ಬಲ್ಲ ಪ್ರವಾಸಿ ಏನು ಕಲಿಸಬಲ್ಲ? ಉಚ್ಚಾರ ಕೇಳಿಸಬಹುದು, ಮಾತಿನ ಅಂಜಿಕೆ ಬಿಡಿಸಬಹುದು. ಅದಕ್ಕೂ ಬೆಲೆಯಿದೆ. ಆದರೆ ಅಡಿಪಾಯ ಹಾಕಲು ಮಗುವಿನ ಭಾಷೆ ಬಲ್ಲ, ವರ್ಷಪೂರ್ತಿ ಊರಿನಲ್ಲಿರುವ ಶಿಕ್ಷಕಿ ಬೇಕು.

ಇನ್ನು ಉದ್ದೇಶ. ಕೆಲವರು ಹೊಟ್ಟೆಪಾಡಿಗೆ ಬರುತ್ತಾರೆ, ಕೆಲವರು ದೇಶ ನೋಡಲು, ಕೆಲವರು ಧರ್ಮಪ್ರಚಾರಕ್ಕೆ, ಕೆಲವರು ನಿಜವಾದ ಸೇವಾಭಾವದಿಂದ. 1961ರಲ್ಲಿ ಅಮೆರಿಕವು ಪೀಸ್ ಕೋರ್ ಸ್ಥಾಪಿಸಿದಾಗ ಅದರ ಹಿಂದೆ ಶೀತಲ ಸಮರದ ಲೆಕ್ಕಾಚಾರವಿತ್ತು. ಆದರೆ ಅದರಲ್ಲಿ ಸೇರಿದ ಎಷ್ಟೋ ಯುವಕರ ಮನಸ್ಸಿನಲ್ಲಿ ಆ ಲೆಕ್ಕಾಚಾರ ಇರಲಿಲ್ಲ. ಮನಸ್ಸಿನೊಳಗಿನ ನಿಯ್ಯತ್ ಅಲ್ಲಾಹನಿಗೆ ಮಾತ್ರ ಗೊತ್ತು. ನಮ್ಮ ಕೈಯಲ್ಲಿರುವುದು ದಾಖಲೆ ಮತ್ತು ನಡತೆ. 2007ರಲ್ಲಿ ಇಂಟರ್‌ಪೋಲ್ ಜಗತ್ತಿನಾದ್ಯಂತ ಹುಡುಕಿದ ಕೆನಡಾದ ಒಬ್ಬ ವ್ಯಕ್ತಿ ಥಾಯ್ಲೆಂಡ್‌ನಲ್ಲಿ ಸಿಕ್ಕಿಬಿದ್ದ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಅವನ ಮೇಲಿದ್ದ ಆರೋಪ. ಮುಂದೆ ಶಿಕ್ಷೆಯೂ ಆಯಿತು. ಅವನು ಏಷ್ಯಾದ ಹಲವು ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿದವನು. ಆ ಪ್ರಕರಣದ ನಂತರವೇ ಕೊರಿಯವು ಪರದೇಶಿ ಶಿಕ್ಷಕರ ಅಪರಾಧ ಹಿನ್ನೆಲೆಯ ಪರಿಶೀಲನೆಯನ್ನು ಕಡ್ಡಾಯಗೊಳಿಸಿತು. ಬಿಳಿ ಮುಖ ಕಂಡು ಬಾಗಿಲು ತೆರೆದವರು ಎಚ್ಚರಗೊಂಡದ್ದು ತಡವಾಗಿ.

ಹಾಗೆಂದು ಎಲ್ಲರನ್ನೂ ಸಂಶಯಿಸುವ ಮೊದಲು ಕನ್ನಡಿ ನೋಡಿಕೊಳ್ಳೋಣ. ಕೊಲ್ಲಿ ರಾಷ್ಟ್ರಗಳ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುತ್ತಿರುವ ಭಾರತೀಯರು ಸಾವಿರಾರು. ನಮ್ಮ ಅಕ್ಕತಂಗಿಯರೂ ಅವರಲ್ಲಿದ್ದಾರೆ. ಅಲ್ಲಿ ಪರದೇಶಿಯರು ನಾವು. ನಮ್ಮ ಉದ್ದೇಶ ಸಂಬಳ. ಅದರಲ್ಲಿ ನಾಚಿಕೆಯೇನೂ ಇಲ್ಲ, ಅದು ಹಲಾಲ್ ಸಂಪಾದನೆ. ಅಲ್ಲಿ ಒಂದೇ ಕೆಲಸಕ್ಕೆ ಪಾಸ್‌ಪೋರ್ಟ್ ನೋಡಿ ಸಂಬಳ ಕಡಿಮೆ ಮಾಡಿದಾಗ ಅನ್ಯಾಯವೆಂದು ಕೂಗುವ ನಾವು, ಊರಿನಲ್ಲಿ ನಮ್ಮದೇ ಶಿಕ್ಷಕಿಯರಿಗೆ ಏನು ಮಾಡುತ್ತಿದ್ದೇವೆ?

ಈ ಮಾತು ಕಹಿಯಾಗಿದ್ದರೂ ಹೇಳಲೇಬೇಕು. ಸಮುದಾಯದ ಹೆಸರಿನಲ್ಲಿ ನಡೆಯುವ ಎಷ್ಟೋ ಶಾಲೆಗಳು ಫಲಕದಲ್ಲಿ ಇಂಗ್ಲಿಷ್ ಮೀಡಿಯಂ ಎಂದು ಬರೆದು, ಒಳಗೆ ತರಬೇತಿಯೇ ಇಲ್ಲದ ಹೆಣ್ಣುಮಕ್ಕಳನ್ನು ಅಲ್ಪ ಸಂಬಳಕ್ಕೆ ದುಡಿಸುತ್ತಿವೆ. ಮದುವೆಯ ಒಂದು ದಿನದ ಊಟಕ್ಕೆ ಲಕ್ಷಗಟ್ಟಲೆ ಸುರಿಯುವ ನಾವು, ಶಿಕ್ಷಕಿಯ ಸಂಬಳದ ಮಾತು ಬಂದಾಗ ಸವಾಬ್‌ನ ಉಪದೇಶ ಮಾಡುತ್ತೇವೆ. ಪರದೇಶಿಯ ಉದ್ದೇಶವನ್ನು ಪ್ರಶ್ನಿಸುವ ಹಕ್ಕು, ಆಡಳಿತ ಸಮಿತಿಯ ಉದ್ದೇಶವನ್ನೂ ಪ್ರಶ್ನಿಸುವವನಿಗೆ ಮಾತ್ರ ಇದೆ.

ಸರಕಾರವನ್ನೂ ಕೇಳಬೇಕಾಗಿದೆ. ರಾಜ್ಯದ ಸರಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುವ ವ್ಯವಸ್ಥೆ 2007ರಲ್ಲಿ ಬಂತು. 2019ರಲ್ಲಿ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಆರಂಭವಾದವು. ಘೋಷಣೆ ಸುಲಭ, ಶಿಕ್ಷಕರ ತಯಾರಿ ಕಷ್ಟ. ದಕ್ಷಿಣ ರಾಜ್ಯಗಳ ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ನೀಡಲೆಂದೇ 1963ರಲ್ಲಿ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಸ್ಥಾಪನೆಯಾಗಿದೆ. ನಮ್ಮ ಈ ನಾಲ್ಕು ತಾಲೂಕುಗಳನ್ನು ಸೇರಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಮಾಡಲಾಗಿದೆ. ನಮ್ಮ ಉರ್ದು ಶಾಲೆಗಳ ಎಷ್ಟು ಶಿಕ್ಷಕರು ಆ ತರಬೇತಿ ಪಡೆದಿದ್ದಾರೆಂದು ಮಧುಗಿರಿಯ ಕಚೇರಿಗೆ ಹೋಗಿ ಕೇಳಿದವರು ಈ ಸಭೆಯಲ್ಲಿ ಎಷ್ಟು ಮಂದಿ ಇದ್ದೀರಿ? ಕೇಳಲು ಒಂದು ಮಾಹಿತಿ ಹಕ್ಕಿನ ಅರ್ಜಿ ಸಾಕು, ಹತ್ತು ರೂಪಾಯಿ ಶುಲ್ಕ.

ಕೊನೆಯದಾಗಿ ಪಾವಗಡದ ಹಿರಿಯರಿಗೆ ನನ್ನ ಉತ್ತರ. ಚಾಚಾ, ಆ ಶಾಲೆಗೆ ಹೋಗಿ ನಾಲ್ಕು ವಿಷಯ ಕೇಳಿ. ಬರುವವರು ಬೋಧನೆಯ ಯಾವ ತರಬೇತಿ ಪಡೆದಿದ್ದಾರೆ? ಪ್ರವಾಸಿ ವೀಸಾದಲ್ಲಿ ಬಂದವರೋ, ಉದ್ಯೋಗ ವೀಸಾದಲ್ಲೋ? ಮಕ್ಕಳೊಂದಿಗೆ ಕೆಲಸ ಮಾಡಲು ಅವರ ದೇಶದ ಪೊಲೀಸರ ಪ್ರಮಾಣಪತ್ರ ಇದೆಯೇ? ಅವರು ಹೊರಟುಹೋದ ನಂತರ ಪಾಠ ಮುಂದುವರಿಸುವವರು ಯಾರು, ಅವರಿಗೆ ಕೊಡುವ ಸಂಬಳವೆಷ್ಟು? ಉತ್ತರ ಸಮಾಧಾನಕರವಾಗಿದ್ದರೆ ಮೊಮ್ಮಗನನ್ನು ಧೈರ್ಯದಿಂದ ಸೇರಿಸಿ. ಇಲ್ಲವಾದರೆ ಆ ದುಪ್ಪಟ್ಟು ಫೀಸು ಬಣ್ಣಕ್ಕೆ ಕೊಡುವ ಬೆಲೆಯೇ ಹೊರತು ವಿದ್ಯೆಗಲ್ಲ. ಆ ಯುವಕನಿಗೂ ಒಂದು ಮಾತು. ತಮ್ಮಾ, ಒಬ್ಬ ಇಂಗ್ಲಿಷ್ ಶಿಕ್ಷಕನಿಂದ ಕುಸಿದುಬೀಳುವಷ್ಟು ದುರ್ಬಲವಾದ ಈಮಾನನ್ನು ನಾವು ಮಕ್ಕಳಿಗೆ ಕೊಟ್ಟಿದ್ದರೆ, ತಪ್ಪು ಆ ಶಿಕ್ಷಕನದ್ದಲ್ಲ, ನಮ್ಮ ಮನೆಗಳದ್ದು.

ಬದ್ರ್‌ನ ಕೈದಿಯ ಮುಂದೆ ಮಗನನ್ನು ಕೂರಿಸುವ ಧೈರ್ಯವನ್ನೂ, ಮಗ ಅಳುತ್ತಾ ಬಂದಾಗ ಎದ್ದು ನಿಲ್ಲುವ ಎಚ್ಚರವನ್ನೂ ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್. ವಸ್ಸಲಾಮ್.