ಎದೆಯ ಗಂಟು: ಭಯವೆಷ್ಟು, ಎಚ್ಚರವೆಷ್ಟು?



ನಾನು ರೋಗಿಗಳ ನಾಡಿ ಹಿಡಿಯುವ ವೈದ್ಯೆಯಲ್ಲ. ಶಸ್ತ್ರವೈದ್ಯರು ಕಳುಹಿಸಿದ ಮಾಂಸದ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ವರದಿ ಬರೆಯುವುದರಲ್ಲಿಯೇ ಮಂಗಳೂರಿನಲ್ಲಿ ನನ್ನ ಆಯುಷ್ಯದ ಬಹುಭಾಗ ಕಳೆದಿದೆ. ಸ್ತನದ ಗಂಟುಗಳ ವಿಷಯವಾಗಿ ಮಾತನಾಡಲು ಹೊರಟಾಗ ಮೊದಲು ನೆನಪಾಗುವವರು ನನ್ನ ಚಿಕ್ಕಮ್ಮ.

ಮಣ್ಣಗುಡ್ಡೆಯಲ್ಲಿದ್ದ ಅವರಿಗೆ ಮೂವತ್ತೆಂಟನೆಯ ವಯಸ್ಸಿನಲ್ಲಿ ಎಡಸ್ತನದಲ್ಲೊಂದು ಗಂಟು ಕಾಣಿಸಿತು. ಅದನ್ನು ತೆಗೆದು ಪರೀಕ್ಷಿಸಿದರು. ಕ್ಯಾನ್ಸರ್ ಅಲ್ಲವೆಂದು ತಿಳಿದ ದಿನ ಮನೆಯಲ್ಲಿ ಪಾಯಸವಾಯಿತು. ಆಗ ನಾನಿನ್ನೂ ಕಾಲೇಜು ವಿದ್ಯಾರ್ಥಿನಿ. ಹದಿನಾಲ್ಕು ವರ್ಷಗಳ ತರುವಾಯ ಬಲಸ್ತನದಲ್ಲಿ ಇನ್ನೊಂದು ಗಂಟು ಬಂತು. ಹಿಂದಿನದು ಏನೂ ಆಗಿರಲಿಲ್ಲವಲ್ಲ ಎಂಬ ಧೈರ್ಯದಿಂದ ಅವರು ಹತ್ತು ತಿಂಗಳು ಯಾರಿಗೂ ಹೇಳಲಿಲ್ಲ. ಕೊನೆಗೆ ಆಸ್ಪತ್ರೆಗೆ ಹೋದಾಗ ವೈದ್ಯರು ಹಳೆಯ ವರದಿಯನ್ನು ಕೇಳಿದರು. ನಾನು ಚಿಕ್ಕಮ್ಮನ ಮುಖ ನೋಡಿದೆ. "ಆ ಕಾಗದ ಎಲ್ಲಿ ಉಂಟು ಮಾರಾಯ್ತಿ? ಏನೂ ಇಲ್ಲ ಎಂದ ಮೇಲೆ ಇಟ್ಟುಕೊಂಡು ಏನು ಮಾಡುವುದು? ಯಾವುದೋ ಆಟಿಯ ಮಳೆಯಲ್ಲಿ ಬಚ್ಚಲೊಲೆ ಹೊತ್ತಿಸಲಿಕ್ಕೆ ಹೋಯಿತು" ಎಂದರು.

ಆ ಕಾಗದದಲ್ಲಿ ಏನಿದ್ದೀತು ಎಂಬ ಪ್ರಶ್ನೆಯೇ ಇಂದಿನ ನನ್ನ ಮಾತಿನ ತಿರುಳು.

ಸ್ತನದ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಹರೆಯದವರಲ್ಲಿ ಬೆರಳಿನಡಿ ಗೋಲಿಯಂತೆ ಜಾರುವ ಫೈಬ್ರೊಅಡಿನೋಮಾ, ಮುಟ್ಟಿನ ಮುಂಚೆ ಬಿಗಿದು ನೋಯುವ ಗಡಸು, ನೀರು ತುಂಬಿದ ಚೀಲಗಳು, ಬಾಣಂತಿಯರಲ್ಲಿ ಹಾಲು ಕಟ್ಟಿ ಆಗುವ ಕೀವು, ಇವೆಲ್ಲ ಈ ಬಗೆಯವು. ಆದರೆ 'ಕ್ಯಾನ್ಸರ್ ಅಲ್ಲ' ಎಂಬ ಒಂದೇ ಮಾತಿನೊಳಗೆ ಹಲವು ಜಾತಿಯ ಗಂಟುಗಳಿವೆ. ಅಮೆರಿಕದ ಡ್ಯೂಪಾಂಟ್ ಮತ್ತು ಪೇಜ್ ಎಂಬ ವಿಜ್ಞಾನಿಗಳು ಇಂಥ ಗಂಟು ತೆಗೆಸಿಕೊಂಡ ಮೂರು ಸಾವಿರಕ್ಕೂ ಮಿಕ್ಕಿದ ಸ್ತ್ರೀಯರ ಮುಂದಿನ ಬದುಕನ್ನು ಹಿಂಬಾಲಿಸಿ 1985ರಲ್ಲಿ ಇದನ್ನು ವಿಂಗಡಿಸಿ ತೋರಿಸಿದರು. 2005ರಲ್ಲಿ ಅಲ್ಲಿಯದೇ ಮೇಯೋ ಕ್ಲಿನಿಕ್ಕಿನವರು 9087 ಸ್ತ್ರೀಯರ ಅಧ್ಯಯನದಿಂದ ಅದನ್ನೇ ಸಮರ್ಥಿಸಿದರು.

ಆ ವಿಂಗಡಣೆ ಹೀಗಿದೆ. ಜೀವಕೋಶಗಳು ಅತಿಯಾಗಿ ಬೆಳೆಯದ ಗಂಟುಗಳು ಮೊದಲನೆಯವು. ಮೇಯೋ ಅಧ್ಯಯನದಲ್ಲಿ ಸುಮಾರು ಮೂರನೆಯ ಎರಡು ಪಾಲು ಇವೇ. ಇವುಗಳಿಂದ ಮುಂದಿನ ಅಪಾಯ ಹೆಚ್ಚುವುದು ಅತ್ಯಲ್ಪ. ಮನೆತನದಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಇಲ್ಲವೆಂದೇ ಹೇಳಬಹುದು. ಕೋಶಗಳು ಹೆಚ್ಚಿದ್ದರೂ ರೂಪಗೆಡದವು ಎರಡನೆಯವು. ಇಲ್ಲಿ ಅಪಾಯ ಒಂದೂವರೆಯಿಂದ ಎರಡು ಪಟ್ಟು. ಕೋಶಗಳು ಹೆಚ್ಚಿ ರೂಪವನ್ನೂ ಕೆಡಿಸಿಕೊಂಡವು ಮೂರನೆಯವು. ಇವಕ್ಕೆ ನಾವು ಅಟಿಪಿಕಲ್ ಹೈಪರ್‌ಪ್ಲೇಸಿಯಾ ಎಂದು ಬರೆಯುತ್ತೇವೆ. ನೂರಕ್ಕೆ ನಾಲ್ಕರಷ್ಟು ಮಾತ್ರ ಕಂಡುಬಂದ ಇವುಗಳಲ್ಲಿ ಅಪಾಯ ನಾಲ್ಕು ಪಟ್ಟಿಗೂ ಮಿಕ್ಕಿತ್ತು.

ನಾಲ್ಕು ಪಟ್ಟು ಎಂದೊಡನೆ ಎದೆಗುಂದಬೇಕಾಗಿಲ್ಲ. ಈ ಮೂರನೆಯ ಗುಂಪಿನವರನ್ನು ಇಪ್ಪತ್ತೈದು ವರ್ಷ ಗಮನಿಸಿದಾಗಲೂ ನೂರರಲ್ಲಿ ಸುಮಾರು ಎಪ್ಪತ್ತು ಮಂದಿಗೆ ಕ್ಯಾನ್ಸರ್ ಬಂದಿರಲಿಲ್ಲ. ಇನ್ನೊಂದು ಮಾತು: ತೆಗೆದುಹಾಕಿದ ಗಂಟೇ ಮರಳಿ ಕ್ಯಾನ್ಸರಾಗಿ ಬರುತ್ತದೆಂದು ಇದರ ಅರ್ಥವಲ್ಲ. ರೋಗ ಇನ್ನೊಂದು ಸ್ತನದಲ್ಲಿಯೂ ಹುಟ್ಟಬಹುದು. ಗಂಟು ಒಂದು ಸೂಚನೆ ಮಾತ್ರ. ಸೂಚನೆ ಪಡೆದವರು ವರ್ಷ ವರ್ಷ ತಪ್ಪದೆ ತೋರಿಸಿಕೊಳ್ಳಬೇಕು, ಅಷ್ಟೇ.

ಚಿಕ್ಕಮ್ಮನ ಮೊದಲ ಗಂಟು ಈ ಮೂರರಲ್ಲಿ ಯಾವುದೋ ನಾನರಿಯೆ. ಅದಕ್ಕೂ ಎರಡನೆಯದಕ್ಕೂ ಸಂಬಂಧವಿತ್ತೆಂದು ಹೇಳುವ ಅಧಿಕಾರವೂ ನನಗಿಲ್ಲ. ಎರಡನೆಯದು ಕ್ಯಾನ್ಸರ್ ಆಗಿತ್ತು. ಆ ಹತ್ತು ತಿಂಗಳಲ್ಲಿ ಅದು ಕಂಕುಳಿನವರೆಗೆ ಹಬ್ಬಿತ್ತು. ಮೂರು ವರ್ಷಗಳ ಮೇಲೆ ಅವರು ಉಳಿಯಲಿಲ್ಲ. ಒಂದು ಗಂಟಿಗೆ ದೊರೆತ ಅಭಯವನ್ನು ಅವರು ಮುಂದಿನ ಎಲ್ಲ ಗಂಟುಗಳಿಗೂ ಅನ್ವಯಿಸಿಕೊಂಡಿದ್ದರು. ಅದಕ್ಕೆ ನೋವಿಲ್ಲದಿದ್ದುದೂ ಅವರ ಧೈರ್ಯವನ್ನು ಹೆಚ್ಚಿಸಿತ್ತು. ನೋವಿಲ್ಲದ ಗಂಟನ್ನೇ ಹೆಚ್ಚು ಶಂಕಿಸಬೇಕೆಂಬುದನ್ನು ಅವರಿಗೆ ಹೇಳಿದವರಿರಲಿಲ್ಲ. ಹೇಳಬಹುದಾಗಿದ್ದ ನಾನೂ ಹೇಳಿರಲಿಲ್ಲ.

ನಮ್ಮ ಊರಿನಲ್ಲಿ ಆಸ್ಪತ್ರೆಗಳಿಗೆ ಬರವಿಲ್ಲ. ವೆನ್‌ಲಾಕ್ ಆಸ್ಪತ್ರೆ 1848ರಷ್ಟು ಹಳೆಯದು. ಕಂಕನಾಡಿಯಲ್ಲಿ ಫಾದರ್ ಮುಲ್ಲರರು ಸೇವೆಯನ್ನು ಆರಂಭಿಸಿದ್ದು 1880ರಲ್ಲಿ. ಸ್ತ್ರೀಯರಿಗೆಂದೇ ಲೇಡಿ ಗೋಶನ್ ಇದೆ. ಕಾಸರಗೋಡಿನಿಂದಲೂ ಜನ ಇಲ್ಲಿಗೇ ಬರುತ್ತಾರೆ. ಇಷ್ಟಿದ್ದೂ ಮನೆಯ ಬಾಗಿಲಿನಿಂದ ಬಸ್ಸು ನಿಲ್ದಾಣದವರೆಗಿನ ದೂರವನ್ನು ನಮ್ಮ ಸಂಕೋಚ ಎಷ್ಟೋ ಪಾಲು ಹೆಚ್ಚಿಸುತ್ತದೆ. ದೊಡ್ಡ ಯಂತ್ರವೇ ಬೇಕೆಂದಿಲ್ಲ. ಮುಂಬಯಿಯಲ್ಲಿ 1998ರಿಂದ ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಸ್ತ್ರೀಯರನ್ನು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಪರೀಕ್ಷಿಸಿದರು. ಐವತ್ತು ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ನೂರಕ್ಕೆ ಮೂವತ್ತರಷ್ಟು ಇಳಿಯಿತೆಂದು 2021ರಲ್ಲಿ ಪ್ರಕಟವಾದ ಆ ಅಧ್ಯಯನ ತಿಳಿಸುತ್ತದೆ.

ಆದುದರಿಂದ ಸೋದರಿಯರೇ, ನನ್ನ ಬಿನ್ನಹ ಇಷ್ಟೇ. ಹೊಸ ಗಂಟು, ಚರ್ಮದಲ್ಲಿ ಕುಳಿ, ಮೊಲೆತೊಟ್ಟಿನಿಂದ ರಕ್ತ, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ತೋರಿಸಿಕೊಳ್ಳಿರಿ. ಗಂಟು ತೆಗೆಸಿದರೆ, ಕ್ಯಾನ್ಸರ್ ಅಲ್ಲವೆಂದು ಕೇಳಿದೊಡನೆ ಎದ್ದು ಬರಬೇಡಿರಿ. ಯಾವ ಜಾತಿಯದೆಂದು ಕೇಳಿರಿ. ಆ ಕಾಗದವನ್ನು ಮನೆಯ ದಸ್ತಾವೇಜಿನ ಜತೆಯಲ್ಲೇ ಇಡಿರಿ.

ಬಚ್ಚಲೊಲೆಗೆ ತೆಂಗಿನ ಗರಿ ಬೇಕಾದಷ್ಟಿದೆ.