ಬಿರುಕು ಬಿಟ್ಟ ಇಂಜಿನ್



ನಮ್ಮ ಸಂಘದ ಡೀಸೆಲ್ ಇಂಜಿನ್ ಒಡೆದ ಕತೆ ಹೇಳ್ತೀವಿ, ಕೇಳಿ.

ಬದನೆ ಗಿಡ ಹೂವು ಬಿಟ್ಟಿತ್ತು. ಬಾವಿಯಿಂದ ನೀರೆತ್ತುತ್ತಿದ್ದೆವು. ಇಂಜಿನ್ ತಣಿಸುವ ನೀರು ಮುಗಿದಿತ್ತು. ನಾವು ನೋಡಲಿಲ್ಲ. ಇಂಜಿನ್ ಕಾದು ಹೊಗೆಯಾಡಿತು. ಗಾಬರಿಯಲ್ಲಿ ಒಂದು ಕೊಡ ತಣ್ಣೀರು ಸುರಿದೆವು. ಟಣ್ ಅಂತು! ಬ್ಲಾಕಿನ ಪಕ್ಕದಲ್ಲಿ ಗೇಣುದ್ದ ಬಿರುಕು.

ಲಾಟೀನಿನ ಬಿಸಿ ಗಾಜಿಗೆ ನೀರು ತಾಗಿದರೆ ಏನಾಗುತ್ತೆ? ಹಾಗೇ ಆಯ್ತು. ಬ್ಲಾಕು ಬೀಡು ಕಬ್ಬಿಣದ್ದು. ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ದದ್ದು. ಅದರಲ್ಲಿ ನೂರಕ್ಕೆ 2ರಿಂದ 4 ಪಾಲು ಇಂಗಾಲ ಇರುತ್ತೆ. ಬೀಡು ಭಾರ ಹೊರುತ್ತೆ. ಆದರೆ ಬಾಗುವುದಿಲ್ಲ, ಎಳೆದರೆ ಒಡೆಯುತ್ತೆ.

ಮೊದಲು ಒಂದು ಅಂಗಡಿಗೆ ಹೋದೆವು. ಗೇಟು ಬೆಸೆಯುವ ಮಾಮೂಲಿ ರಾಡಿನಲ್ಲೇ ಬೆಸೆದರು. ಒಂದೇ ಸಲಕ್ಕೆ ಪೂರ್ತಿ ಬೆಸೆದು ಮೇಲೆ ನೀರು ಚೆಲ್ಲಿದರು. ಮನೆಗೆ ಬರುವಷ್ಟರಲ್ಲಿ ಬೆಸುಗೆಯ ಪಕ್ಕದಲ್ಲೇ ಹೊಸ ಬಿರುಕು! ದುಡ್ಡೂ ಹೋಯ್ತು. ಹೊಸ ಬ್ಲಾಕು ತರೋಣ ಅಂದರೆ ಸಂಘದ ಉಳಿತಾಯವೆಲ್ಲ ಖಾಲಿ ಆಗ್ತಿತ್ತು.

ಆಮೇಲೆ ಒಬ್ಬ ಹಳೇ ಮೇಸ್ತ್ರಿ ಸಿಕ್ಕರು. "ಇದೆಲ್ಲ ಗಂಡಸರ ಕೆಲಸ, ನೀವ್ಯಾಕಮ್ಮಾ ನಿಲ್ತೀರಿ?" ಅಂದರು. ದುಡ್ಡು ನಮ್ಮದು, ನಾವು ನೋಡಬೇಡವೇ? ನಿಂತೆವು. ಬೆಸುಗೆಯ ಬೆಳಕನ್ನು ಮಾತ್ರ ಬರಿಗಣ್ಣಲ್ಲಿ ನೋಡಲಿಲ್ಲ.

ಮೇಸ್ತ್ರಿ ಹಳೇ ಬೆಸುಗೆ ಉಜ್ಜಿ ತೆಗೆದರು. ಸೀಮೆಎಣ್ಣೆ ಸವರಿ ಒರೆಸಿದರು. ಮೇಲೆ ಸುಣ್ಣದ ಕಡ್ಡಿ ಪುಡಿ ಉದುರಿಸಿದರು. ಒಳಗಿನ ಎಣ್ಣೆ ಒಸರಿ ಬಿರುಕಿನ ಗೆರೆ ಕಂಡಿತು. ಗೆರೆಯ ಎರಡೂ ತುದಿಗೆ ಸಣ್ಣ ತೂತು ಕೊರೆದರು. ತೂತು ಇದ್ದರೆ ಬಿರುಕು ಮುಂದೆ ಓಡೋದಿಲ್ಲ. ನಡುವೆ ಗಾಡಿಯ ಜಾಡಿನ ಹಾಗೆ ತೋಡಿದರು.

ಬೀಡಿಗೆ ನಿಕಲ್ ರಾಡು ಬೇಕಂತೆ. ಬೆಲೆ ಜಾಸ್ತಿ. ಒಂದು ಇಂಚು ಬೆಸೆಯೋದು, ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟೋದು. ಕೈ ಇಡುವಷ್ಟು ಆರಿದ ಮೇಲೆ ಬೇರೆ ಕಡೆ ಇನ್ನೊಂದು ಇಂಚು. ಬೆಸುಗೆ ಆರುವಾಗ ಕುಗ್ಗುತ್ತೆ, ಪಕ್ಕದ ಬೀಡನ್ನು ಎಳೆಯುತ್ತೆ. ತಟ್ಟಿದರೆ ಎಳೆತ ಕಮ್ಮಿ. ಬೆಳಗ್ಗೆ ಶುರುವಾದದ್ದು ಸಂಜೆ ಆಯ್ತು. ನಮಗೇ ಬೇಜಾರು ಬಂತು ಅನ್ನಿ!

ಕೊನೆಗೆ ಬ್ಲಾಕನ್ನು ಒಣ ಬೂದಿಯಲ್ಲಿ ಹೂಳಿದರು. ಬೂದಿ ನಮ್ಮ ಒಲೆಗಳದೇ. ಮೂರು ಬುಟ್ಟಿ ಹೊತ್ತು ತಂದಿದ್ದೆವು.

ಅಲ್ಲೇ ಒಬ್ಬರು ಬಿರುಕು ಬಿಟ್ಟ ಚಕ್ರ ತಂದಿದ್ದರು. ಇಂಜಿನ್ ಪಕ್ಕ ಗಿರಗಿರ ತಿರುಗುತ್ತದಲ್ಲ, ಆ ಭಾರಿ ಚಕ್ರ. ಮೇಸ್ತ್ರಿ ಮುಟ್ಟಲಿಲ್ಲ. "ತಿರುಗುವಾಗ ಸಿಡಿದರೆ ಜೀವ ಹೋಗುತ್ತೆ, ಹೊಸದು ಹಾಕಿಸಿ" ಅಂದರು.

ಮಾರನೇ ದಿನ ಬ್ಲಾಕಿಗೆ ನೀರು ತುಂಬಿ ಕಾದೆವು. ಒಂದು ಹನಿಯೂ ಜಿನುಗಲಿಲ್ಲ. ಬದನೆ ಗಿಡ ಅರ್ಧ ಬಾಡಿತ್ತು. ಉಳಿದದ್ದಕ್ಕೆ ಅವತ್ತೇ ಸಂಜೆ ನೀರು ಬಿಟ್ಟೆವು. ಈಗ ಇಂಜಿನ್ ಓಡುವಾಗ ಒಬ್ಬರು ಪಕ್ಕದಲ್ಲೇ ಕೂತು ತಣಿಸುವ ನೀರು ನೋಡ್ತಾರೆ. ಈ ವಾರದ ಸರದಿ ಯಾರದು ಅಂತ ಗೋಡೆ ಮೇಲೆ ನಾವೇ ಬರೆದಿದ್ದೇವೆ.